ಹಾವಿಗಾಗಿ ಇಲಿ ಸಾಕುವವರಿಗೆ ದೋಷ ನಿವಾರಣೆ ಕೈಪಿಡಿ: ಸರಪಳಿ ಯಾವ ದಿನ ಕಡಿಯಿತು?

ಒಂದು ಗಂಡು, ಎರಡು ಹೆಣ್ಣು ಬಿಳಿ ಇಲಿ ತಂದು ಟಬ್ಬಿಗೆ ಬಿಟ್ಟರೆ ಸಾಕು, ಎರಡು ತಿಂಗಳಲ್ಲಿ ಮನೆ ತುಂಬ ಇಲಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಆಗದಿದ್ದಾಗ ಏನು ನೋಡಬೇಕು ಅಂತ ಹೇಳುವವರು ಕಡಿಮೆ. ಹಾಸನ, ಚಿಕ್ಕಮಗಳೂರು ಕಡೆ ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ಹೊರದೇಶದ ಹಾವು ಸಾಕಿದವರು ಬೆಂಗಳೂರಿನಿಂದ ಇಲಿ ತರಿಸಿ ತರಿಸಿ ಬೇಸತ್ತು ಮನೆಯಲ್ಲೇ ಶುರು ಮಾಡುತ್ತಾರೆ. ಆಮೇಲೆ ಗಬ್ಬ ನಿಲ್ಲಲ್ಲ, ಮರಿ ಉಳಿಯಲ್ಲ, ಉಳಿದದ್ದು ಸೀನುತ್ತಾ ಕೂರುತ್ತದೆ. ತಕ್ಷಣ ಬರುವ ಪ್ರಶ್ನೆ ‘ಏನು ರೋಗ?’ ಅಂತ. ನನ್ನ ಪ್ರಕಾರ ಆ ಪ್ರಶ್ನೆ ಕೊನೆಗೆ ಕೇಳಬೇಕಾದದ್ದು. ಮೊದಲು ಕೇಳಬೇಕಾದದ್ದು ‘ಯಾವ ದಿನ?’ ಅಂತ, ಅಂದರೆ ಜೋಡಿ, ಗಬ್ಬ, ಮರಿ ಅನ್ನುವ ಸರಪಳಿ ಯಾವ ದಿನ ತುಂಡಾಯಿತು ಅಂತ. ದಿನ ಗೊತ್ತಾದರೆ ಕಾರಣ ತಾನಾಗಿ ಕಿರಿದಾಗುತ್ತಾ ಬರುತ್ತದೆ.

ಶುರು ಮಾಡುವ ಮುಂಚೆ ಕಾನೂನಿನ ಒಂದು ಮಾತು. ನಾಗರ, ಕೇರೆ, ನಮ್ಮ ಹೆಬ್ಬಾವು, ಉಡ ಇವನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬಿಡುವುದಿಲ್ಲ. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಂಥ ಹೊರದೇಶದ ಜಾತಿಗೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಅದು ಆಗಿದೆ ಅಂದುಕೊಂಡೇ ಮುಂದೆ ಬರೆಯುತ್ತೇನೆ.

ಸರಿಯಾಗಿದ್ದರೆ ಹೇಗಿರುತ್ತದೆ

ತಪ್ಪು ಹುಡುಕಬೇಕಾದರೆ ಸರಿ ಯಾವುದು ಅಂತ ಗೊತ್ತಿರಬೇಕು ಅಲ್ವಾ. ಬಿಳಿ ಇಲಿ ಹೆಣ್ಣು ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬ 21ರಿಂದ 23 ದಿನ. ಒಂದು ಸೂಲಿಗೆ ಎಂಟರಿಂದ ಹನ್ನೆರಡು ಮರಿ ಸಾಮಾನ್ಯ. ಹುಟ್ಟಿದಾಗ ಮರಿ ಐದಾರು ಗ್ರಾಂ, ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. ಒಂದು ವಾರಕ್ಕೆ ಕೂದಲು ಮೂಡುತ್ತದೆ, ಎರಡು ವಾರದ ಆಸುಪಾಸಿನಲ್ಲಿ ಕಣ್ಣು ಬಿಡುತ್ತದೆ, ಮೂರು ವಾರಕ್ಕೆ ಹಾಲು ಬಿಡಿಸಬಹುದು. ಐದು ವಾರಕ್ಕೆಲ್ಲ ಗಂಡು ಮರಿಗಳನ್ನು ಬೇರೆ ಮಾಡಲೇಬೇಕು. ಇಲ್ಲದಿದ್ದರೆ ಅಕ್ಕ ತಂಗಿ ಅಂತ ನೋಡದೆ ಗಬ್ಬ ಮಾಡಿಬಿಡುತ್ತವೆ.

ಈ ದಿನಗಳನ್ನು ತಲೆಯಲ್ಲಿ ಇಟ್ಟುಕೊಳ್ಳಲು ಹೋಗಬೇಡಿ. ಪ್ರತಿ ಟಬ್ಬಿಗೂ ಒಂದು ರಟ್ಟಿನ ಚೀಟಿ ಅಂಟಿಸಿ. ಗಂಡು ಬಿಟ್ಟ ದಿನ, ತೆಗೆದ ದಿನ, ಹೆಣ್ಣಿನ ತೂಕ, ಮರಿ ಹಾಕಿದ ದಿನ, ಎಷ್ಟು ಹಾಕಿತು, ಎಷ್ಟು ಉಳಿಯಿತು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದಿದ್ದರೆ ಅರ್ಧ ಡಾಕ್ಟರ್ ಮನೆಯಲ್ಲೇ ಇದ್ದ ಹಾಗೆ. ಈ ಕೈಪಿಡಿಯ ಮುಂದಿನ ಭಾಗವೆಲ್ಲ ಆ ಚೀಟಿಯನ್ನು ಓದುವ ಬಗೆ, ಅಷ್ಟೇ. ಚೀಟಿ ಇಲ್ಲದವರು ಇವತ್ತು ಅಂಟಿಸಿ, ಒಂದೂವರೆ ತಿಂಗಳು ಬರೆದು, ಆಮೇಲೆ ಉಳಿದದ್ದು ಓದಿದರೂ ನಷ್ಟವಿಲ್ಲ.

ಗಬ್ಬವೇ ನಿಲ್ಲುತ್ತಿಲ್ಲ

ಲೆಕ್ಕ ಹೀಗೆ. ಗಂಡಿನ ಜೊತೆ ಹದಿನೈದು ದಿನ ಇದ್ದರೆ ಹೆಣ್ಣು ಮೂರು ಸಲವಾದರೂ ಬೆದೆಗೆ ಬಂದಿರುತ್ತದೆ. ಅದಕ್ಕೆ 23 ದಿನ ಸೇರಿಸಿ. ಗಂಡು ಬಿಟ್ಟ 38ನೇ ದಿನಕ್ಕೂ ಮರಿ ಇಲ್ಲ ಅಂದರೆ ಮಾತ್ರ ದೋಷ ಅನ್ನಿ. ಅದಕ್ಕೂ ಮುಂಚೆ ಗಾಬರಿ ಬಿದ್ದು ಜೋಡಿ ಬದಲಿಸುವವರೇ ಜಾಸ್ತಿ. ಬದಲಿಸಿದ ಮೇಲೆ ಚೀಟಿಯ ಲೆಕ್ಕ ಮತ್ತೆ ಮೊದಲಿಂದ.

ಮೊದಲ ಅನುಮಾನ ಬಹಳ ಸಾದಾ: ಗಂಡು ನಿಜವಾಗಿ ಗಂಡೇನಾ? ನಗಬೇಡಿ. ದೊಡ್ಡ ಗಂಡಿನ ಬೀಜ ಎದ್ದು ಕಾಣುತ್ತದೆ, ಆದರೆ ಎಳೆಯದರಲ್ಲಿ ಹಾಗಲ್ಲ. ಜೊತೆಗೆ ಇಲಿ ಚಳಿಗೆ, ಹೆದರಿಕೆಗೆ ಬೀಜವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಬಲ್ಲದು. ಡಿಸೆಂಬರಿನ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಡಬ್ಬಿಯಿಂದ ಹೊರತೆಗೆದು ‘ಎರಡೂ ಹೆಣ್ಣೇ ಅಣ್ಣ’ ಅಂತ ಕೊಟ್ಟರೆ ನಂಬುವುದು ಹೇಗೆ? ಬಾಲದ ಕೆಳಗೆ ನೋಡಿ. ಮೂತ್ರದ್ವಾರಕ್ಕೂ ಗುದಕ್ಕೂ ನಡುವಿನ ಅಂತರ ಗಂಡಿನಲ್ಲಿ ಹೆಣ್ಣಿನ ಎರಡರಷ್ಟು ಇರುತ್ತದೆ. ಮೊಲೆತೊಟ್ಟು ಹೆಣ್ಣಿಗೆ ಮಾತ್ರ, ಒಟ್ಟು ಆರು ಜೊತೆ. ಎಂಟು ಹತ್ತು ದಿನದ ಮರಿಯಲ್ಲೇ ಸಾಲಾಗಿ ಚುಕ್ಕೆ ಕಾಣುತ್ತದೆ. ಆ ದಿನ ನೋಡಿ ಬೇರೆ ಗುರುತು ಹಾಕಿದರೆ ಮುಂದೆ ಗೊಂದಲವಿಲ್ಲ.

ವಯಸ್ಸು, ತೂಕ ಆಮೇಲೆ. ಹೆಣ್ಣು 250 ಗ್ರಾಂ ಆಸುಪಾಸು, ಮೂರು ತಿಂಗಳು ದಾಟಿರಲಿ. ಒಂದು ವರ್ಷ, ಒಂದೂಕಾಲು ವರ್ಷ ಆದ ಮೇಲೆ ಸೂಲು ಚಿಕ್ಕದಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಅಂಗಡಿಯವರು ‘ಆಗಲೇ ಮರಿ ಹಾಕಿರೋ ಹೆಣ್ಣು, ಗ್ಯಾರಂಟಿ’ ಅಂತ ಕೊಡುವ ಇಲಿ ಕೆಲವು ಸಲ ನಿವೃತ್ತಿ ಅಂಚಿನದಾಗಿರುತ್ತದೆ. ಅತಿಯಾಗಿ ಕೊಬ್ಬಿದ ಹೆಣ್ಣಿಗೂ ಗಬ್ಬ ನಿಲ್ಲುವುದು ಕಷ್ಟ. ಕಡಲೆಕಾಯಿ, ಸೂರ್ಯಕಾಂತಿ ಬೀಜ ಮುದ್ದಿಗೆ ಹಾಕುವುದನ್ನು ನಿಲ್ಲಿಸಿ.

ಇವೆಲ್ಲ ಸರಿ ಇದ್ದರೆ ಸೆಖೆ ನೋಡಿ. ನನಗೆ ಇದೇ ಮುಖ್ಯ ಅನಿಸುವುದು, ಏಕೆಂದರೆ ನಮ್ಮೂರಿನವರು ಇದನ್ನು ನಂಬುವುದೇ ಇಲ್ಲ. ಹಾಸನವೂ ಚಿಕ್ಕಮಗಳೂರೂ ಸಾವಿರ ಮೀಟರ್ ಎತ್ತರದ ಆಸುಪಾಸಿನ ಊರು, ತಂಪು, ಇಲ್ಲಿ ಎಲ್ಲಿಯ ಸೆಖೆ ಅನ್ನುತ್ತಾರೆ. ಊರು ತಂಪು ಸರಿ, ತಗಡಿನ ಶೀಟಿನ ಕೋಣೆ ತಂಪಲ್ಲ. ಇಲಿಗೆ 18ರಿಂದ 26 ಡಿಗ್ರಿ ಹಿತ. ಅದಕ್ಕೆ ಬೆವರುವುದು ಗೊತ್ತಿಲ್ಲ, ನಾಯಿಯಂತೆ ನಾಲಿಗೆ ಚಾಚಿ ತೇಕುವುದೂ ಇಲ್ಲ. ಬಾಲದಿಂದ ಬಿಸಿ ಹೊರಹಾಕುತ್ತದೆ, ಅದೂ ಸಾಲದಿದ್ದರೆ ಜೊಲ್ಲನ್ನು ಮೈಗೆ ಸವರಿಕೊಳ್ಳುತ್ತದೆ. ಗದ್ದ, ಕತ್ತು ಒದ್ದೆಯಾಗಿ ಬಿದ್ದಿರುವ ಇಲಿ ಕಂಡರೆ ಅದು ಬಿಸಿಗೆ ಸಾಯುತ್ತಿದೆ ಅಂತಲೇ ತಿಳಿಯಿರಿ. ಸಾಯದೆ ಉಳಿದ ಗಂಡಿನದು ಇನ್ನೊಂದು ಕಥೆ. ಇಲಿಯಲ್ಲಿ ವೀರ್ಯಾಣು ಮೊದಲಿಂದ ಕೊನೆಯವರೆಗೆ ತಯಾರಾಗಲು 50 ದಿನಕ್ಕೂ ಮೇಲೆ ಬೇಕು. ಅದು ಹೊರಬರುವಷ್ಟು ಬಲಿಯಲು ಇನ್ನೊಂದು ವಾರದ ಮೇಲೆ. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ನಾಲ್ಕು ದಿನ ಶೀಟಿನ ಕೆಳಗೆ ಬೆಂದ ಗಂಡು, ಜೂನ್‌ನಲ್ಲಿ ಆರಿದ್ರಾ ಮಳೆ ಹಿಡಿದು ಎಲ್ಲ ತಂಪಾದ ಮೇಲೂ ಕೆಲಸ ಕೊಡದೆ ಇರಬಹುದು. ನೀವು ಜೂನ್‌ನಲ್ಲಿ ಕಾರಣ ಹುಡುಕುತ್ತೀರಿ, ಕಾರಣ ಏಪ್ರಿಲ್‌ನಲ್ಲಿರುತ್ತದೆ. ಗರಿಷ್ಠ ಕನಿಷ್ಠ ತೋರಿಸುವ ಸಣ್ಣ ಥರ್ಮಾಮೀಟರ್ ಒಂದನ್ನು ಟಬ್ಬಿನ ಎತ್ತರಕ್ಕೇ ನೇತುಹಾಕಿ. ಗೋಡೆಯ ಮೇಲಿನದು ಸುಳ್ಳು ಹೇಳುತ್ತದೆ.

ಇನ್ನು ಬೆಳಕು. ರಾತ್ರಿಯಿಡೀ ಬಲ್ಬ್ ಉರಿಸಿದರೆ ಮರಿ ಬೆಚ್ಚಗಿರುತ್ತವೆ ಅಂತ ಕೆಲವರು ಹಾಗೇ ಬಿಡುತ್ತಾರೆ. ಇಪ್ಪತ್ತನಾಲ್ಕು ಗಂಟೆ ಬೆಳಕಿದ್ದರೆ ಹೆಣ್ಣಿನ ಬೆದೆಯ ಸರದಿ ಕೆಡುತ್ತದೆ. ಸದಾ ಬೆದೆಯಲ್ಲಿದ್ದಂತೆ ಇರುತ್ತದೆ, ಆದರೆ ಅಂಡ ಬಿಡುವುದಿಲ್ಲ. ಬಿಳಿ ಇಲಿಯ ಕೆಂಪು ಕಣ್ಣಿಗೂ ಜೋರು ಬೆಳಕು ಕೆಟ್ಟದ್ದು. ಹನ್ನೆರಡರಿಂದ ಹದಿನಾಲ್ಕು ಗಂಟೆ ಬೆಳಕು, ಉಳಿದದ್ದು ಕತ್ತಲೆ.

ಎಲ್ಲ ನೋಡಿಯೂ ಗೊತ್ತಾಗದಿದ್ದರೆ ಅದಲು ಬದಲು ಮಾಡಿ ನೋಡುವುದೇ ದಾರಿ. ಈ ಗಂಡನ್ನು ಹಿಂದೆ ಮರಿ ಹಾಕಿದ ಬೇರೆ ಹೆಣ್ಣಿನ ಜೊತೆ ಬಿಡಿ. ಈ ಹೆಣ್ಣನ್ನು ಬೇರೆ ಗಂಡಿನ ಜೊತೆ ಬಿಡಿ. ಇಬ್ಬರಲ್ಲಿ ಯಾರದು ಅಂತ ಮುಂದಿನ 38 ದಿನ ಹೇಳುತ್ತದೆ.

ಮನೆಯ ಅಟ್ಟದಲ್ಲಿ ಬೋನಿಗೆ ಬಿದ್ದ ಇಲಿಯನ್ನು ಬಿಳಿ ಹೆಣ್ಣಿಗೆ ಜೋಡಿ ಮಾಡಬಹುದಾ ಅಂತ ಕೇಳುವವರಿದ್ದಾರೆ. ನಮ್ಮ ಹೆಂಚಿನ ಮನೆಯ ಕಪ್ಪಿಲಿ ಬೇರೆ ಜಾತಿ, ಬಿಳಿ ಇಲಿ ಬೇರೆ ಜಾತಿ. ಮರಿ ಆಗುವುದಿಲ್ಲ. ಇಲಿ ಜ್ವರ, ನುಸಿ ಮಾತ್ರ ಒಳಗೆ ಬರುತ್ತದೆ. ಹೊರಗಿನ ಇಲಿ ಯಾರದೋ ತೋಟದ ವಿಷ ತಿಂದು ಬಂದಿದ್ದರೆ ಅದನ್ನು ನುಂಗಿದ ಹಾವಿಗೂ ಅಪಾಯ.

ಹೊಟ್ಟೆ ಬಂತು, ಮರಿ ಬರಲಿಲ್ಲ

ಹದಿಮೂರು ಹದಿನಾಲ್ಕನೇ ದಿನದ ಮೇಲೆ ಹೊಟ್ಟೆ ಎರಡೂ ಬದಿಗೆ ಉಬ್ಬುವುದು ಕಣ್ಣಿಗೇ ಕಾಣುತ್ತದೆ. ತಕ್ಕಡಿಗೆ ಇನ್ನೂ ಮುಂಚೆ ಗೊತ್ತಾಗುತ್ತದೆ. ತೂಕ ಏರಿ, ನಿಂತು, ಮರಿಯೂ ಇಲ್ಲದೆ ರಕ್ತವೂ ಇಲ್ಲದೆ ಮೆಲ್ಲಗೆ ಇಳಿದರೆ ಭ್ರೂಣ ಒಳಗೇ ಕರಗಿದೆ. ರಾತ್ರೋರಾತ್ರಿ ದಿಢೀರ್ ಇಳಿದರೆ ಮರಿ ಹಾಕಿದೆ, ಆದರೆ ನಿಮಗೆ ಸಿಕ್ಕಿಲ್ಲ. ಅದಕ್ಕೆ ಮುಂದಿನ ಭಾಗ ಓದಿ.

ಒಂದು ಸುಳ್ಳು ಗಾಬರಿಯನ್ನು ಮೊದಲು ತಳ್ಳಿಬಿಡೋಣ. ಮರಿ ಹಾಕಿದ ಒಂದು ದಿನದೊಳಗೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲೇ ಇದ್ದರೆ ಮರಿಗೆ ಹಾಲು ಕುಡಿಸುತ್ತಲೇ ಮತ್ತೆ ಗಬ್ಬ. ಆಗ ಹೊಸ ಭ್ರೂಣಗಳು ಗರ್ಭಕೋಶಕ್ಕೆ ಅಂಟಿಕೊಳ್ಳದೆ ಕೆಲವು ದಿನ ಕಾಯುತ್ತವೆ. ಗಬ್ಬ 23 ದಿನದ ಬದಲು ಒಂದು ವಾರದಷ್ಟು ಉದ್ದವಾಗಬಹುದು. ಹಾಲೂಡುವ ಹೆಣ್ಣು 27ನೇ ದಿನವೂ ಹಾಕಿಲ್ಲ ಅಂದರೆ ಸುಮ್ನೆ ಇರಿ.

ನಿಜವಾಗಿ ಕರಗಿದ್ದರೆ ನೇರವಾಗಿ ಮೇವಿನ ಡಬ್ಬಕ್ಕೆ ಹೋಗಿ. 1922ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್, ಕ್ಯಾಥರೀನ್ ಬಿಷಪ್ ಇಬ್ಬರೂ ಇಲಿಗಳಿಗೆ ಹಂದಿ ಕೊಬ್ಬು ಸೇರಿದ ಒಂದು ಬಗೆಯ ಶುದ್ಧ ಆಹಾರ ಕೊಟ್ಟು ನೋಡಿದರು. ಇಲಿಗಳು ಚೆನ್ನಾಗಿಯೇ ಬೆಳೆದವು, ಗಬ್ಬವೂ ನಿಂತಿತು, ಭ್ರೂಣ ಮಾತ್ರ ಕರಗುತ್ತಿತ್ತು. ಹಸಿ ಸೊಪ್ಪು ಕೊಟ್ಟಾಗ ಸರಿಹೋಯಿತು. ಇಂದು ವಿಟಮಿನ್ ಇ ಅಂತ ಕರೆಯುವುದು ಸಿಕ್ಕಿದ್ದು ಹೀಗೆ, ಇಲಿಯ ಇದೇ ತೊಂದರೆಯಿಂದ. ಎಣ್ಣೆ ಕಮಟಿದರೆ ಈ ವಿಟಮಿನ್ ಹಾಳಾಗುತ್ತದೆ. ಹಿಂಡಿ, ತೌಡು, ಹಳೇ ಬೀಜ ಮೂಸಿ ನೋಡಿ. ಕಮಟು ವಾಸನೆ ಬಂದರೆ ಕೋಳಿಗೂ ಹಾಕಬೇಡಿ, ಎಸೆಯಿರಿ.

ಮಳೆಗಾಲದಲ್ಲಿ ಇದರ ಜೊತೆ ಬೂಷ್ಟು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚೀಲದ ಜೋಳ ಒಣಗಿರುತ್ತದಾ? ಮುಸುಕಿನ ಜೋಳಕ್ಕೆ, ಕಡಲೆಕಾಯಿ ಹಿಂಡಿಗೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಯಕೃತ್ತನ್ನು ಹಾಳು ಮಾಡುತ್ತದೆ. ಬೂಷ್ಟು ಒರೆಸಿ, ಬಿಸಿಲಿಗಿಟ್ಟು, ಹುರಿದು ಕೊಟ್ಟರೂ ವಿಷ ಪೂರ್ತಿ ಹೋಗುವುದಿಲ್ಲ. ಮಳೆ ತಿಂಗಳುಗಳಲ್ಲಿ ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಇಡಿ.

ಟಬ್ಬಿನ ಹಾಸಾಗಿ ಮುಸುಕಿನ ಜೋಳದ ಬೆಂಡು ಪುಡಿ ಬಳಸುವವರಿಗೆ ಒಂದು ಎಚ್ಚರಿಕೆ. ಬೆಂಡಿನಲ್ಲಿರುವ ಕೆಲವು ಅಂಶಗಳು ಇಲಿಯ ಬೆದೆ, ಜೋಡಿಯಾಗುವಿಕೆ ಎರಡನ್ನೂ ಕೆಡಿಸುತ್ತವೆ ಅಂತ ಪ್ರಯೋಗಾಲಯಗಳಲ್ಲೇ ಕಂಡುಬಂದಿದೆ. ಹಾಸನ ಸುತ್ತ ಬೆಂಡು ಪುಕ್ಕಟೆ ಸಿಗುತ್ತದೆ ಅನ್ನುವುದೇ ಅದನ್ನು ಬಳಸಲು ಕಾರಣವಾಗಬಾರದು.

ಸಂಜೆ ಹತ್ತು ಮರಿ, ಬೆಳಗ್ಗೆ ಮೂರು

ಇದಕ್ಕೇ ಜನ ಜಾಸ್ತಿ ಬೇಸರಪಡುವುದು. ‘ತಾಯಿನೇ ತಿಂದ್ಬಿಡ್ತು’ ಅಂತ ಹೆಣ್ಣಿನ ಮೇಲೆ ಹೊರಿಸಿ ಅದನ್ನೇ ಹಾವಿಗೆ ಹಾಕುತ್ತಾರೆ. ಸತ್ತು ಹುಟ್ಟಿದ ಮರಿಯನ್ನು ತಾಯಿ ತಿನ್ನುವುದು ಗೂಡು ಶುಚಿ ಮಾಡುವ ರೀತಿ, ದೋಷವಲ್ಲ. ಅದು ತಿಂದಿದ್ದು ಸರಿ, ಸತ್ತದ್ದು ಏಕೆ ಅನ್ನುವುದು ಪ್ರಶ್ನೆ.

ಉಳಿದ ಮರಿಯನ್ನು ನೋಡಿ. ಚರ್ಮ ಇನ್ನೂ ತೆಳ್ಳಗಿರುವ ಮೊದಲ ನಾಲ್ಕೈದು ದಿನ ಹೊಟ್ಟೆಯ ಎಡಗಡೆ ಬೆಳ್ಳಗೆ ಹಾಲಿನ ಪಟ್ಟಿ ಹೊರಗಿಂದಲೇ ಕಾಣುತ್ತದೆ. ಪಟ್ಟಿ ಇಲ್ಲ ಅಂದರೆ ಹಾಲಿಲ್ಲ. ಹಾಲಿಲ್ಲ ಅಂದರೆ ಮೊದಲು ನೀರು ನೋಡಿ, ಆಮೇಲೆ ಮೇವು. ಪಟ್ಟಿ ಇದ್ದೂ ಮರಿ ಹೋಗುತ್ತಿದ್ದರೆ ಹಾಲಿನದು ತಪ್ಪಲ್ಲ. ಹೆದರಿಕೆ, ಚಳಿ, ಇಲ್ಲವೇ ಹೊರಗಿನ ಕಳ್ಳ.

ಹೆದರಿಕೆಯಲ್ಲಿ ನಮಗೆ ಕೇಳಿಸದ ಸದ್ದು ಬಹಳ ಮುಖ್ಯ. ಇಲಿಯ ಕಿವಿ 70–80 ಕಿಲೋಹರ್ಟ್ಸ್‌ವರೆಗೂ ಕೇಳುತ್ತದೆ, ನಮ್ಮದು 20ಕ್ಕೇ ನಿಲ್ಲುತ್ತದೆ. ಮರಿ ತಾಯಿಯನ್ನು ಕರೆಯುವುದೂ ನಮಗೆ ಕೇಳದ ಆ ದನಿಯಲ್ಲೇ. ಹಳೇ ಇನ್ವರ್ಟರ್, ಟ್ಯೂಬ್‌ಲೈಟಿನ ಚೋಕ್, ಮೊಬೈಲ್ ಚಾರ್ಜರ್ ಇವುಗಳ ಕೀರಲು ನಮಗೆ ಮೌನ, ಅವಕ್ಕೆ ಗಲಾಟೆ. ಎಲ್ಲಕ್ಕಿಂತ ತಮಾಷೆ ಅಂದರೆ ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸುವ ಇಲಿ ಓಡಿಸುವ ಯಂತ್ರ. ಒಂದು ಕೋಣೆಯಲ್ಲಿ ಇಲಿ ಓಡಿಸುತ್ತಾ ಪಕ್ಕದ ಕೋಣೆಯಲ್ಲಿ ಇಲಿ ಸಾಕುತ್ತಿರುತ್ತೇವೆ. ಅದನ್ನು ಕಿತ್ತು ಪಕ್ಕಕ್ಕಿಡಿ. ಕೇಳುವ ಸದ್ದೂ ಲೆಕ್ಕಕ್ಕಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಪಕ್ಕದ ಶೆಡ್ಡಿನಲ್ಲಿ ಇಲಿ ಇಟ್ಟವರು, ದೀಪಾವಳಿ ವಾರಕ್ಕೆ ಸರಿಯಾಗಿ ಮರಿ ಬರುವಂತೆ ಗಂಡು ಬಿಟ್ಟವರು ಚೀಟಿಯ ದಿನಾಂಕ ನೋಡಿದರೆ ಉತ್ತರ ಅಲ್ಲೇ ಇರುತ್ತದೆ.

ಮರಿ ಮುಟ್ಟಿದರೆ ತಾಯಿ ಕೊಲ್ಲುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಪಳಗಿದ ತಾಯಿ ಸಹಿಸುತ್ತದೆ. ಅದನ್ನು ಮೊದಲು ಬೇರೆ ಡಬ್ಬಕ್ಕೆ ಬಿಟ್ಟು, ಕೈಗೆ ಅದೇ ಟಬ್ಬಿನ ಹಾಸು ಉಜ್ಜಿಕೊಂಡು, ಬೇಗ ನೋಡಿ ಮುಚ್ಚಿ. ಚೊಚ್ಚಲು ತಾಯಿಯನ್ನು ಮಾತ್ರ ಮೊದಲೆರಡು ದಿನ ಅದರ ಪಾಡಿಗೆ ಬಿಡಿ. ಚೊಚ್ಚಲಲ್ಲಿ ಕಳೆದುಕೊಂಡ ಎಷ್ಟೋ ಹೆಣ್ಣು ಎರಡನೇ ಸೂಲನ್ನು ಚೆನ್ನಾಗಿ ಸಾಕುತ್ತವೆ. ಎರಡನೆಯದೂ ಹೋದರೆ ಆ ಹೆಣ್ಣನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಚಳಿಯ ಮಾತು. ಕೂದಲಿಲ್ಲದ ಮರಿಗೆ ತನ್ನ ಮೈ ಬಿಸಿ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಗೂಡು, ತಾಯಿ, ಒಂದರ ಮೇಲೊಂದು ಬಿದ್ದಿರುವ ಅಣ್ಣತಮ್ಮಂದಿರು, ಇದೇ ಅದರ ಕಂಬಳಿ. ಡಿಸೆಂಬರ್, ಜನವರಿಯಲ್ಲಿ ಟಬ್ಬು ಸಿಮೆಂಟ್ ನೆಲದ ಮೇಲಿದ್ದರೆ ಮೂಲೆಗೆ ಉರುಳಿದ ಮರಿ ಬೆಳಗ್ಗೆ ತಣ್ಣಗಿರುತ್ತದೆ. ಟಬ್ಬನ್ನು ಮರದ ಹಲಗೆ ಮೇಲೆ ಎತ್ತಿ. ಮರಿ ಬರುವ ನಾಲ್ಕು ದಿನ ಮುಂಚೆ ಬಿಳಿ ಟಿಶ್ಯೂ, ಹರಿದ ಹಾಳೆ ಕೊಡಿ. ಹೆಣ್ಣು ಗೂಡು ಕಟ್ಟುತ್ತಿದೆಯಾ ನೋಡಿ. ದಾರ, ಗೋಣಿ ಎಳೆ ಬೇಡ, ಮರಿಯ ಕಾಲಿಗೆ ಸುತ್ತಿ ರಕ್ತ ನಿಲ್ಲಿಸುತ್ತದೆ.

ಈಗ ಕಳ್ಳರು. ಮರಿ ಒಂದೂ ಉಳಿಯದೆ, ಗೂಡು ಕೆದಕದೆ ಮಾಯವಾಗಿದ್ದರೆ ಅನುಮಾನ ಹೊರಗೆ ಹೋಗಲಿ. ಇರುವೆ ಸಾಲು ಬಂದರೆ ಎಳೆ ಮರಿ ಉಳಿಯುವುದಿಲ್ಲ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ಹಳೇ ಉಪಾಯ, ಈಗಲೂ ಒಳ್ಳೆಯದೇ. ಮೂಗಿಲಿ, ಬೆಕ್ಕು ಗೊತ್ತಿದ್ದದ್ದೇ. ಮಲೆನಾಡಿನಲ್ಲಿ ಇನ್ನೊಂದಿದೆ: ಇಲಿ ವಾಸನೆ ಹಿಡಿದು ಕೇರೆ, ನಾಗರ ಎರಡೂ ಬರುತ್ತವೆ. ಇಲಿ ಕೋಣೆಗೆ ಕತ್ತಲಲ್ಲಿ ಬರಿಗಾಲಲ್ಲಿ ಹೋಗಬೇಡಿ. ಕಿಟಕಿಗೆ, ನೀರು ಹೋಗುವ ತೂತಿಗೆ ಕಾಲಿಂಚಿನ ಜಾಲರಿ ಹೊಡೆಯಿರಿ. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ. ಒಳಗೆ ಹಾವು ಕಂಡರೆ ಕೋಲು ತರುವ ಮುಂಚೆ ಹಾವು ಹಿಡಿಯುವವರಿಗೆ ಫೋನ್ ಮಾಡಿ.

ಒಂದೇ ಟಬ್ಬಿನಲ್ಲಿ ಇಬ್ಬರು ತಾಯಂದಿರು ಒಂದು ವಾರದ ಅಂತರದಲ್ಲಿ ಹಾಕಿದರೆ ದೊಡ್ಡ ಮರಿಗಳು ಚಿಕ್ಕವನ್ನು ತಳ್ಳಿ ಹಾಲು ಕುಡಿದುಬಿಡುತ್ತವೆ. ಎರಡು ಮೂರು ದಿನದ ವ್ಯತ್ಯಾಸವಾದರೆ ಜೊತೆಗಿರಲಿ, ಒಬ್ಬಳ ಮರಿಯನ್ನು ಇನ್ನೊಬ್ಬಳು ಸಾಕುತ್ತಾಳೆ. ಅದಕ್ಕಿಂತ ಜಾಸ್ತಿಯಾದರೆ ಬೇರೆ ಮಾಡಿ.

ಮರಿ ಉಳಿದಿವೆ, ಬೆಳೆಯುತ್ತಿಲ್ಲ

ಮೂರು ವಾರಕ್ಕೆ 30 ಗ್ರಾಂ ಕೂಡ ಮುಟ್ಟದ ಮರಿಗೆ ಔಷಧಿ ಬೇಡ, ನೀರಿನ ಬಾಟಲಿ ನೋಡಿ. ಬಾಟಲಿ ತುಂಬಿದೆ ಅಂದರೆ ನೀರು ಬರುತ್ತಿದೆ ಅಂತಲ್ಲ. ತುದಿಯ ಗುಂಡನ್ನು ಬೆರಳಿಂದ ಒತ್ತಿ, ಹನಿ ಬರಬೇಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಗಡಸು ಬೋರ್ ನೀರು ಹಾಕಿದರೆ ಗುಂಡಿಗೆ ಸುಣ್ಣದಂಥ ಬಿಳಿ ಪೊರೆ ಕಟ್ಟಿ ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ನಿಂಬೆ ಹುಳಿಯಲ್ಲಿ ನೆನೆಸಿಟ್ಟರೆ ಬಿಡುತ್ತದೆ. ಇಲಿ ತನ್ನ ನೂರು ಗ್ರಾಂ ತೂಕಕ್ಕೆ ದಿನಕ್ಕೆ ಹತ್ತು ಹನ್ನೆರಡು ಎಂಎಲ್ ಕುಡಿಯುತ್ತದೆ, ಹಾಲೂಡುವ ತಾಯಿ ಅದಕ್ಕಿಂತ ಬಹಳ ಜಾಸ್ತಿ. ನೀರು ನಿಂತರೆ ಒಣ ಮೇವನ್ನೂ ತಿನ್ನುವುದಿಲ್ಲ, ಹಾಲೂ ಇಳಿಯುವುದಿಲ್ಲ. ಕಣ್ಣು ಬಿಟ್ಟ ಮರಿಗೆ ಎಟುಕುವ ಎತ್ತರದಲ್ಲಿ ಎರಡನೇ ಬಾಟಲಿ ಇರಲಿ.

ನೀರು ಸರಿ ಇದ್ದರೆ ಮೇವು. ನಮ್ಮ ಕಡೆ ಮಿಕ್ಕಿದ ಮುದ್ದೆ, ಅನ್ನ ಹಾಕಿ ಸಾಕುವುದು ರೂಢಿ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಆದರೆ ಪ್ರೋಟೀನ್ ಶೇಕಡ 7ರ ಸುತ್ತ. ಅನ್ನದ ಅಕ್ಕಿಯೂ ಅಷ್ಟೇ. ಮರಿ ಹಾಕಿ ಹಾಲೂಡುವ ಇಲಿಗೆ ಶೇಕಡ 20ರ ಮೇಲೆ ಬೇಕು. ಪ್ರಯೋಗಾಲಯದ ಇಲಿ ಮೇವಿನ ಗುಳಿಗೆ ಸಿಕ್ಕರೆ ಅದಕ್ಕೆ ಸಮ ಇನ್ನೊಂದಿಲ್ಲ. ಸಿಗದಿದ್ದರೆ ಎಣ್ಣೆ ತೆಗೆದ, ಬೇಯಿಸಿದ ಸೋಯಾ ಹಿಂಡಿಯಲ್ಲಿ ಶೇಕಡ 45ರಷ್ಟು ಪ್ರೋಟೀನ್ ಇದೆ. ಮೂರರಲ್ಲಿ ಒಂದು ಪಾಲು ಇದು, ಎರಡು ಪಾಲು ರಾಗಿ ಮತ್ತು ಗೋಧಿ ನುಚ್ಚು ಸೇರಿಸಿದರೆ 20 ದಾಟುತ್ತದೆ. ಮೇಲೆ ಸ್ವಲ್ಪ ವಿಟಮಿನ್, ಖನಿಜ ಮಿಶ್ರಣ, ಹಸಿ ಸೊಪ್ಪು. ಹಸಿ ಸೋಯಾ ಕಾಳು ಹಾಗೇ ಹಾಕಬೇಡಿ, ಪ್ರೋಟೀನ್ ಅರಗುವುದನ್ನೇ ಅದು ತಡೆಯುತ್ತದೆ.

ಡೈರಿಯಿಂದ ತಂದ ಪಶು ಆಹಾರದ ಚೀಲ ಮನೆಯಲ್ಲಿ ಹೇಗೂ ಇರುತ್ತದೆ, ಒಂದು ಹಿಡಿ ಇಲಿಗೂ ಹೋಗುತ್ತದೆ. ಹಾಕಬೇಡಿ. ಅದು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ಮಾಡಿದ್ದು. ನಾರು ಜಾಸ್ತಿ, ಕೆಲವದರಲ್ಲಿ ಯೂರಿಯಾ ಇರುತ್ತದೆ. ಮೊಟ್ಟೆ ಕೋಳಿಯ ಮೇವೂ ಬೇಡ. ಅದರಲ್ಲಿ ಕ್ಯಾಲ್ಸಿಯಂ ಶೇಕಡ 3.5ರಷ್ಟು, ಇಲಿಗೆ ಬೇಕಾದದ್ದು ಶೇಕಡ 0.6ರ ಆಸುಪಾಸು.

ಒಂದೇ ಒಂದು ಇಲಿ ಮಾತ್ರ ಸೊರಗುತ್ತಿದ್ದರೆ ಅದರ ಬಾಯಿ ತೆರೆದು ನೋಡಿ. ಇಲಿಯ ಮುಂಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಮೇಲಿನದೂ ಕೆಳಗಿನದೂ ಕೂಡದೆ ಓರೆಯಾದರೆ ತಿನ್ನಲು ಆಗದು. ಹಲ್ಲು ಹಳದಿ ಕಿತ್ತಳೆ ಇರುವುದು ಆರೋಗ್ಯವೇ, ಹೆದರಬೇಡಿ. ಓರೆ ಹಲ್ಲಿನ ಇಲಿಯಿಂದ ಮರಿ ತೆಗೆಯಬೇಡಿ.

ಸೀನು, ಗೊರಗೊರ, ಕಣ್ಣಲ್ಲಿ ಕೆಂಪು

ಕಣ್ಣು ಮೂಗಿನ ಸುತ್ತ ಕೆಂಪು ಕಲೆ ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಬಣ್ಣದ ದ್ರವ. ಇಲಿಗೆ ಏನೋ ಸರಿ ಇಲ್ಲ ಅಂತ ಹೇಳುತ್ತದೆ, ಏನು ಅಂತ ಹೇಳುವುದಿಲ್ಲ. ಟಬ್ಬಿನ ಅಂಚಿಗೆ ಮೂಗು ಇಟ್ಟು ಉಸಿರೆಳೆಯಿರಿ. ಕಣ್ಣು ಉರಿದರೆ ಉತ್ತರ ಸಿಕ್ಕಿತು. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಅದು ಹಾಸಿನ ಮಟ್ಟದಲ್ಲೇ ಜಾಸ್ತಿ, ಇಲಿಯ ಮೂಗು ಇರುವುದೂ ಅಲ್ಲೇ. ಇಲಿಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಸೋಂಕು ಬಹಳ ಸಾಮಾನ್ಯ. ಸುಮ್ಮನೆ ಅಡಗಿರುತ್ತದೆ, ಅಮೋನಿಯಾ ಮೂಗನ್ನು ಸುಟ್ಟಾಗ ಮೇಲೇಳುತ್ತದೆ. ಗರ್ಭಕೋಶಕ್ಕೂ ಹಬ್ಬಿ ಸೂಲನ್ನು ಚಿಕ್ಕದು ಮಾಡುತ್ತದೆ. ಹಾಗಾಗಿ ಸೀನುವ ಟಬ್ಬಿನಲ್ಲೇ ಮರಿಯೂ ಕಡಿಮೆ ಅಂದರೆ ಎರಡು ದೋಷವಲ್ಲ, ಒಂದೇ.

ಹಾಸನ್ನು ವಾರಕ್ಕೆ ಎರಡು ಸಲ ಬದಲಿಸಿ, ಮಳೆಗಾಲದಲ್ಲಿ ಇನ್ನೂ ಬೇಗ. ಟಬ್ಬಿನ ಒಂದು ಬದಿಗಾದರೂ ಜಾಲರಿ ಇರಲಿ. ಸಾ ಮಿಲ್ಲಿನ ನುಣುಪು ಹೊಟ್ಟಿನ ಧೂಳೇ ಸೀನು ತರುತ್ತದೆ, ಅದರ ಬದಲು ರಂದ ಹೊಡೆದ ಸಿಪ್ಪೆ ತನ್ನಿ. ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ನಮ್ಮಲ್ಲಿ ಧಾರಾಳ, ಔಷಧಿ ಬಳಿಯದ ಮರದ್ದು ಅಂತ ಕೇಳಿ ತನ್ನಿ. ಘಾಟು ವಾಸನೆಯ ಮರ ಯಾವುದೂ ಬೇಡ. ಕಾಫಿ ಹೊಟ್ಟೂ ಬೇಡ, ಅದರಲ್ಲಿ ಕೆಫೀನ್ ಇದೆ, ಬೂಷ್ಟೂ ಬೇಗ ಹಿಡಿಯುತ್ತದೆ.

ಹಾಸು ಬದಲಿಸಿ ಎರಡು ವಾರವಾದರೂ ಗೊರಗೊರ ನಿಲ್ಲದ ಇಲಿಯನ್ನು ಪಶುವೈದ್ಯರಿಗೆ ತೋರಿಸಿ. ಹಾಸನದಲ್ಲಿ ಪಶು ವೈದ್ಯಕೀಯ ಕಾಲೇಜೇ ಇದೆ. ಔಷಧಿ ಕೊಡುತ್ತಿರುವ ಇಲಿಯನ್ನು ಮಾತ್ರ ಹಾವಿಗೆ ಹಾಕಬೇಡಿ.

ಸಣ್ಣಪುಟ್ಟವು

ಎಳೆ ಮರಿಯ ಬಾಲಕ್ಕೆ ಉಂಗುರ ಬಿಗಿದಂತೆ ಗೆರೆ ಬಿದ್ದು ತುದಿ ಒಣಗಿದರೆ ಗಾಳಿಯಲ್ಲಿ ತೇವ ಸಾಲದು. ಇದು ಅರಸೀಕೆರೆ, ಕಡೂರಿನ ಬೇಸಿಗೆಯ ಕಾಯಿಲೆ, ಸಕಲೇಶಪುರದ್ದಲ್ಲ. ಫ್ಯಾನ್ ನೇರ ಬೀಸದಂತೆ ಮಾಡಿ, ಗೂಡಿನ ಹಾಸು ಜಾಸ್ತಿ ಹಾಕಿ. ಕೆರೆತ, ಕುತ್ತಿಗೆ ಮೇಲೆ ಹುರುಪೆ ಇದ್ದರೆ ನುಸಿ ಅಥವಾ ಹೇನು. ನಿಮ್ಮ ಕೈಗೂ ಕಡಿದ ಗುಳ್ಳೆ ಬಂದಿದ್ದರೆ ನುಸಿಯೇ, ಹೊರಗಿನ ಇಲಿಯಿಂದ ಬಂದದ್ದು.

ಇಲಿ ಚೆನ್ನಾಗಿದೆ, ಹಾವು ತಿನ್ನುತ್ತಿಲ್ಲ

ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಕೂರುವುದು ಅದರ ಸ್ವಭಾವ. ತೂಕ ಇಳಿಯದಿದ್ದರೆ ಇಲಿ ಬದಲಿಸುವುದು ಬೇಡ. ಗಾತ್ರ ನೋಡಿ, ಹಾವಿನ ಮೈಯ ದಪ್ಪ ಭಾಗಕ್ಕೆ ಸಮ ಇರುವ ಇಲಿ ಸಾಕು. ಬಲಿತ ಇಲಿಯನ್ನು ಜೀವಂತ ಬಿಟ್ಟು ಹೋದರೆ ಹಸಿಯದ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡುತ್ತದೆ. ಜನ ಸೇರಿಸಿ ನೋಡಲೆಂದು ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಕೊಂದು ಕೊಡುವುದೇ ಎರಡೂ ಪ್ರಾಣಿಗೆ ಒಳ್ಳೆಯದು. ನೋವಿಲ್ಲದೆ ಕೊಲ್ಲುವ ಕ್ರಮವನ್ನು ಪಶುವೈದ್ಯರಿಂದ ಎದುರಿಗೇ ನೋಡಿ ಕಲಿಯಿರಿ. ಕಾರ್ಬನ್ ಡೈಆಕ್ಸೈಡ್‌ಗೆ ದೊಡ್ಡ ಇಲಿ ಬೇಗ ಪ್ರಜ್ಞೆ ಕಳೆದುಕೊಳ್ಳುತ್ತದೆ, ಹಸಿ ಮರಿ ಬಹಳ ಹೊತ್ತು ತಡೆಯುತ್ತದೆ. ಎರಡಕ್ಕೂ ಒಂದೇ ಕ್ರಮ ನಡೆಯುವುದಿಲ್ಲ.

ಜಾಸ್ತಿಯಾಗಿಬಿಟ್ಟಿವೆ

ಇದೂ ದೋಷವೇ. ಬೆಳೆದ ಒಂದು ಬಾಲ್ ಪೈಥಾನ್‌ಗೆ ಹತ್ತು ಹದಿನಾಲ್ಕು ದಿನಕ್ಕೆ ಒಂದು ಇಲಿ, ವರ್ಷಕ್ಕೆ ಹೆಚ್ಚೆಂದರೆ ಮೂವತ್ತಾರು. ಒಂದು ಹೆಣ್ಣು ನಡುನಡುವೆ ಬಿಡುವು ಕೊಟ್ಟರೂ ವರ್ಷಕ್ಕೆ ಐದು ಸೂಲು, ಸೂಲಿಗೆ ಎಂಟು ಅಂದರೂ ನಲವತ್ತು. ಒಂದು ಹಾವಿಗೆ ಒಂದು ಹೆಣ್ಣೇ ಜಾಸ್ತಿ. ಗಂಡನ್ನು ಸದಾ ಒಳಗೆ ಬಿಡಬೇಡಿ. ಬೇಕಾದಾಗ ಹದಿನೈದು ದಿನ ಬಿಟ್ಟು, ಹೊಟ್ಟೆ ಕಂಡ ಮೇಲೆ ತೆಗೆಯಿರಿ. ಹೆಣ್ಣಿಗೂ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ.

ಮಿಕ್ಕದ್ದನ್ನು ಗಾತ್ರದ ಪ್ರಕಾರ ಚೀಲ ಕಟ್ಟಿ ಮೈನಸ್ 18ರ ಫ್ರೀಜರಿನಲ್ಲಿ ಇಡಿ, ಮನೆಯವರ ಅಡುಗೆ ಫ್ರಿಜ್‌ನಲ್ಲಿ ಬೇಡ. ಕೊಡುವ ಹಿಂದಿನ ರಾತ್ರಿ ಕೆಳಗಿನ ಅರೆಗೆ ಇಳಿಸಿ ಕರಗಿಸಿ, ಆಮೇಲೆ ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಚೀಲದ ಸಮೇತ ಇಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಹೊರಗೆ ತಣ್ಣಗಿದ್ದು ಒಳಗೆ ಬೆಂದಿರುತ್ತದೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಬರದೆ ಚೀಲ ಮೆತ್ತಗಾಗಿದ್ದರೆ ಮತ್ತೆ ಗಟ್ಟಿ ಮಾಡಿ ಇಡಬೇಡಿ, ಗುಂಡಿ ತೋಡಿ ಹೂಳಿ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಫ್ರೀಜರಿನಲ್ಲಿರಲಿ.